ಕಂಪೆನಿ ಕೊಡದ ಸ್ವಿಚ್ಚು

ಯಂತ್ರಗಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದು ನಾನು ನಲವತ್ತು ವರ್ಷಗಳಿಂದ ನಂಬಿಕೊಂಡು ಬಂದಿದ್ದೇನೆ. ನನ್ನ ಕೈಯಲ್ಲಿ ಗುರ್ ಎಂದು ಮುನಿದು ನಿಲ್ಲುವ ಮಿಕ್ಸಿ, ಹೆಂಡತಿ ಸುನೀತಾ ಬಂದು ಮುಟ್ಟಿದರೆ ಸಾಕು, ತಿರುಗುತ್ತದೆ. ಗ್ಯಾಸ್ ಲೈಟರನ್ನು ಹತ್ತು ಸಲ ಒತ್ತಿದರೂ ನನಗೆ ಒಂದು ಕಿಡಿ ಹುಟ್ಟುವುದಿಲ್ಲ. ಹಾಗಾಗಿ ನಮ್ಮಲ್ಲಿ ಕಾರು ಓಡಿಸುವವಳು ಅವಳೇ. ನಾನು ಪಕ್ಕದಲ್ಲಿ ಕುಳಿತು ದಾರಿ ಹೇಳುತ್ತೇನೆ, ಅವಳು ಕೇಳುವುದಿಲ್ಲ.

ಕಾರು ಅಪ್ಪನದು. ಬಂದರಿನ ಧಕ್ಕೆಯಲ್ಲಿ ಮೀನಿನ ವ್ಯಾಪಾರ ಮಾಡುತ್ತಿದ್ದ ಅಪ್ಪ, ಯಾರೋ ಓಡಿಸಿ ಸಾಕಾದದ್ದನ್ನು ಕೊಂಡು ತಂದದ್ದು. ಗೇರಿನ ಕೋಲು ಸ್ಟಿಯರಿಂಗಿಗೇ ಅಂಟಿಕೊಂಡಿರುವ ಜಾತಿ. ಅಪ್ಪ ಹೋದ ಮೇಲೂ ಅದು ಬಿಕರ್ನಕಟ್ಟೆಯ ನಮ್ಮ ಅಂಗಳದಲ್ಲಿ ಹಿರಿಯರಂತೆ ಉಳಿದುಕೊಂಡಿದೆ. ಮೊನ್ನೆ ಹಳೆಯ ಕಾರುಗಳ ಮೆರವಣಿಗೆಗೆಂದು ಒಂದು ಫಾರಂ ಬಂತು. ಬರುವ ಭಾನುವಾರವೇ ಮೆರವಣಿಗೆ. ಫಾರಮಿನಲ್ಲಿ ಒಂದು ಕಲಂ: ಕಂಪೆನಿಯಿಂದ ಬಂದದ್ದಲ್ಲದ ಭಾಗಗಳು ಯಾವುವು, ಅವುಗಳ ಉಪಯೋಗವೇನು? ಓಡಿಸಲು ಬಾರದವನಿಗೆ ಬರೆಯಲಾದರೂ ಬರಬೇಕಲ್ಲ. ನೋಟ್‌ಬುಕ್ಕು, ಟಾರ್ಚು ಹಿಡಿದು ಕಾರಿನೊಳಗೆ ಹೊಕ್ಕೆ.

ಹೊಕ್ಕವನಿಗೆ ತಲೆ ಕೆಟ್ಟಿತು. ಮುಳ್ಳಿಲ್ಲದ ಒಂದು ಡಯಲು. ಎಂದೂ ಹೊತ್ತದ ಒಂದು ಹಸಿರು ದೀಪ. ಕಾರಿನ ಮಾಡಿನ ಒಳಗೆ, ಹಿಂದಿನ ಸೀಟಿನ ಮೇಲೆ, ಹಿತ್ತಾಳೆಯ ಕೊಕ್ಕೆ. ಅದು ಮೀನಿನ ಚೀಲಕ್ಕೆ ಎಂದು ನಾನು, ಮಲ್ಲಿಗೆ ಹೂವಿನ ಅಟ್ಟೆ ತೂಗುಹಾಕಲು ಎಂದು ಸುನೀತಾ. ಒಂದೇ ಕೊಕ್ಕೆಯಿಂದ ಇಷ್ಟು ಭಿನ್ನ ಪರಿಮಳಗಳು ಹೊರಡುವುದು ನನಗೆ ವಿಚಿತ್ರವೆನಿಸಿತು. ಕೊನೆಗೆ, ಓಡಿಸುವವರ ಮೊಣಕಾಲು ತಾಗುವಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅಡಗಿಕೊಂಡಿದ್ದ ಒಂದು ಪುಟ್ಟ ಸ್ವಿಚ್ಚು. ನಮ್ಮ ರಸ್ತೆಯ ಮೆಕ್ಯಾನಿಕ್ ಲೋಕೇಶನನ್ನು ಕರೆದು ತೋರಿಸಿದೆ.

"ಅದೆಲ್ಲ ಎಕ್ಸ್‌ಟ್ರಾ ಫಿಟ್ಟಿಂಗ್ ಸರ್" ಎಂದ.

"ಎಂತಕ್ಕೆ?"

"ಶೋಕಿಗೆ."

ನಮ್ಮ ಹಳೆಯ ವ್ಯಾಖ್ಯಾನಕಾರರದೂ ಇದೇ ದಾರಿ. ಶ್ಲೋಕದಲ್ಲಿ ಒಂದು ಅಕ್ಷರ ಯಾಕಿದೆ ಎಂದು ತಿಳಿಯದಿದ್ದರೆ ಅದನ್ನು ಪಾದಪೂರಣ, ಅಂದರೆ ಸಾಲು ತುಂಬಿಸಲು ಹಾಕಿದ್ದು ಎಂದು ಬರೆದು ಮುಂದೆ ಹೋಗುತ್ತಿದ್ದರು. ಆದರೆ ಅಪ್ಪ ಸಾಲು ತುಂಬಿಸುವ ಮನುಷ್ಯನಲ್ಲ. ಚಾದ ಲೋಟ ಇಡುವುದಕ್ಕೂ ಅವರಿಗೊಂದು ಕಾರಣವಿರುತ್ತಿತ್ತು, ಅದನ್ನು ಹೇಳುತ್ತಿರಲಿಲ್ಲ ಅಷ್ಟೆ. ಲೋಕೇಶ ಹೋದ ಮೇಲೆ ನಾನು ಆ ಸ್ವಿಚ್ಚನ್ನು ಹತ್ತಾರು ಸಲ ಮೇಲೆ ಕೆಳಗೆ ಮಾಡಿ, ಕೊನೆಗೆ ಎತ್ತ ನಿಂತಿತೋ ಅತ್ತಲೇ ಬಿಟ್ಟೆ. ದೀಪ ಹೊತ್ತಲಿಲ್ಲ, ಹಾರ್ನ್ ಕೂಗಲಿಲ್ಲ. ನೋಟ್‌ಬುಕ್ಕಿನಲ್ಲಿ 'ಉಪಯೋಗ: ಏನೂ ಇಲ್ಲ' ಎಂದು ಬರೆದು, ಕೈ ತೊಳೆದು ಊಟಕ್ಕೆ ಕುಳಿತೆ.

ಮರುದಿನ ಬೆಳಿಗ್ಗೆ ಸುನೀತಾ ಕೀ ತಿರುಗಿಸಿದರೆ ಕಾರು ಕರ್ರ್ ಕರ್ರ್ ಎಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ.

"ಎಂತ ಮಾಡಿದ್ರಿ ಇದಕ್ಕೆ?"

"ಎಂತದೂ ಇಲ್ಲ. ಪಟ್ಟಿ ಮಾಡಿದ್ದು."

ಆ ಕರ್ರ್ ಕರ್ರ್ ನನಗೆ ಹೊಸತಲ್ಲ. ಇಲ್ಲಿ ಒಂದು ತಪ್ಪೊಪ್ಪಿಗೆ ಆಗಬೇಕು. ಹದಿನೆಂಟರ ವಯಸ್ಸಿನಲ್ಲಿ, ಅಪ್ಪ ಭಾನುವಾರ ಊಟ ಮಾಡಿ ಮಲಗಿದಾಗ, ಕೀ ಕದ್ದು ನಾನು ಈ ಕಾರನ್ನು ಉಳ್ಳಾಲದ ಕಡಲಿನವರೆಗೆ ಓಡಿಸಿಕೊಂಡು ಹೋಗಿದ್ದೆ. ಎರಡು ಭಾನುವಾರ. ಮೂರನೆಯ ಭಾನುವಾರ ಕಾರು ಕರ್ರ್ ಕರ್ರ್ ಎಂದಿತು. ನಾಲ್ಕನೆಯದಕ್ಕೂ ಅದೇ, ಐದನೆಯದಕ್ಕೂ ಅದೇ. ನಾಲ್ಕು ಗಂಟೆಗೆ ಅಪ್ಪ ಎದ್ದು ಬಂದು ಕುಳಿತರೆ ಮಾತ್ರ ಒಂದೇ ತಿರುವಿಗೆ ಹೊರಟುಬಿಡುತ್ತಿತ್ತು. ಡಾಕ್ಟರರಿಗೆ ಕೈಗುಣ ಇರುವ ಹಾಗೆ ಕಾರಿಗೂ ಕೈಗುಣ ಬೇಕು, ಅದು ಅಪ್ಪನಿಗೆ ಇದೆ, ನನಗಿಲ್ಲ ಎಂದು ಆಗಲೇ ತೀರ್ಮಾನಿಸಿದೆ. ಮತ್ತೆ ಸ್ಟಿಯರಿಂಗ್ ಮುಟ್ಟಿದವನಲ್ಲ.

ಲೋಕೇಶ ಬಂದು ಅರ್ಧ ದಿನ ಬಾನೆಟ್ಟಿನೊಳಗೆ ತಲೆ ಹಾಕಿದ. ಬ್ಯಾಟರಿ ಸರಿ ಉಂಟು, ಕಿಡಿ ಹುಟ್ಟಿಸುವ ಕಾಯಿಲಿಗೆ ಕರೆಂಟೇ ಬರುವುದಿಲ್ಲ, ಯಾವ ವೈರು ಎಲ್ಲಿಗೆ ಹೋಗ್ತದೆ ದೇವರಿಗೇ ಗೊತ್ತು ಎಂದ.

"ಎಲ್ಲ ಕಿತ್ತು ಹೊಸ ವೈರಿಂಗ್ ಮಾಡುವ ಸರ್. ಈ ಎಕ್ಸ್‌ಟ್ರಾ ಎಲ್ಲ ತೆಗೆದು ಬಿಸಾಡುವ. ಭಾನುವಾರಕ್ಕೆ ರೆಡಿ."

ನನಗೆ ಸಂಕಟವಾಯಿತು. ಅರ್ಥವಾಗದಿದ್ದರೂ ಅದು ಅಪ್ಪ ಕೂತು ಕೂತು ಹಾಕಿಸಿದ್ದು. ಓದಲು ಬಾರದ ಕಾಗದವೆಂದು ಹಿರಿಯರ ಕಾಗದವನ್ನು ಒಲೆಗೆ ಹಾಕುತ್ತಾರೆಯೇ? ನನ್ನ ಮುಖ ನೋಡಿ ಲೋಕೇಶನೇ, ಕುದ್ರೋಳಿಯಲ್ಲಿ ಹಸನಬ್ಬ ಅಂತ ಒಬ್ಬರು ಹಳೇ ಎಲೆಕ್ಟ್ರಿಷಿಯನ್ ಇದ್ದಾರೆ, ಆ ಕಾಲದ ವೈರಿಂಗ್ ಎಲ್ಲ ಅವರದ್ದೇ, ಒಮ್ಮೆ ಕೇಳಿ ನೋಡಿ ಎಂದ.

ಹಸನಬ್ಬರು ರಿಕ್ಷಾದಲ್ಲಿ ಬಂದರು. ಎಪ್ಪತ್ತೈದು ದಾಟಿದವರು. ಬಾನೆಟ್ ತೆರೆಯಲಿಲ್ಲ. ಸೀಟಿನಲ್ಲಿ ಕುಳಿತು ಕೈಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ಹಾಕಿದರು. ಟಕ್. ಕೀ ತಿರುಗಿಸಿದರು. ಕಾರು ಹೊರಟಿತು. ನನ್ನ 'ಉಪಯೋಗ: ಏನೂ ಇಲ್ಲ' ಅಲ್ಲಿ ಗುರುಗುಟ್ಟುತ್ತ ನಿಂತಿತ್ತು.

"ಇದು ಆಫ್ ಇದ್ರೆ ಅಪ್ಪನ ಆಣೆಗೂ ಸ್ಟಾರ್ಟ್ ಆಗುದಿಲ್ಲ" ಎಂದರು. "ನಾನೇ ಹಾಕಿದ್ದು. ಕಳ್ಳರಿಗಾ ಅಂತ ನಾನು ನಿಮ್ಮ ತಂದೆ ಹತ್ರ ಕೇಳಿದೆ. ಕಳ್ಳರಿಗಲ್ಲ ಮಾರಾಯ, ಮಗನಿಗೆ ಅಂದ್ರು. ಕಾರಿನಲ್ಲಿ ಉಳ್ಳಾಲದ ಹೊಯಿಗೆ ಇತ್ತಂತೆ, ಸೀಟಿನಡಿ ಎಲ್ಲ ಕಡಲಿನ ಮರಳು."

ಸುನೀತಾ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಮಾಡಿನ ಕೊಕ್ಕೆ ನೋಡುತ್ತ, ಹಾಗಾದರೆ ಅದು ಎಂತಕ್ಕೆ ಎಂದು ಮಾತು ತಿರುಗಿಸಲು ನೋಡಿದೆ.

"ಅದು ನನಗೆ ಗೊತ್ತಿಲ್ಲ" ಎಂದ ಹಸನಬ್ಬರು ರಿಕ್ಷಾ ಹತ್ತುವ ಮೊದಲು ನಿಂತರು. "ಆದ್ರೆ ಒಂದು ಹೇಳಿದ್ರು ಅವ್ರು. ಅವ ಬಂದು, ಕಾರು ಎಂತಕ್ಕೆ ಸ್ಟಾರ್ಟ್ ಆಗುದಿಲ್ಲ ಅಂತ ಕೇಳಿದ ದಿವಸ ಸ್ವಿಚ್ಚೂ ತೋರಿಸ್ತೇನೆ, ನಾನೇ ಕೂತು ಡ್ರೈವಿಂಗೂ ಕಲಿಸ್ತೇನೆ ಅಂತ. ನೀವು ಕೇಳಲಿಲ್ಲವಾ?"

ಕೇಳಲಿಲ್ಲ. ಕೇಳಬೇಕಾದರೆ ಕದ್ದದ್ದನ್ನು ಒಪ್ಪಿಕೊಳ್ಳಬೇಕಿತ್ತು. ಅಪ್ಪ ಎಷ್ಟು ಭಾನುವಾರ ಕಾದರೋ. ಮಲಗಿದ್ದಾರೆ ಎಂದು ನಾನು ಅಂದುಕೊಂಡದ್ದೂ ಈಗ ಸಂಶಯವೇ. ಯಾವ ವರ್ಷ ಆ ಸ್ವಿಚ್ಚನ್ನು ಆನ್ ಮಾಡಿ, ಇವನು ಇನ್ನು ಕೇಳಲಾರ ಎಂದು ಹಾಗೇ ಬಿಟ್ಟರೋ ತಿಳಿಯದು. ಅಂಗಳದಲ್ಲಿ ನಿಂತವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಸುನೀತಾ ಹೋಗಿ ಎಡಗಡೆಯ ಸೀಟಿನಲ್ಲಿ ಕುಳಿತಳು. ಅದು ನನ್ನ ಜಾಗ. ಉಳಿದದ್ದು ಒಂದೇ. ಹತ್ತಿ ಕುಳಿತೆ. ಎಂಜಿನ್ ಓಡುತ್ತಲೇ ಇತ್ತು, ನನ್ನನ್ನು ಕಂಡು ನಿಲ್ಲಲಿಲ್ಲ.

"ಗೇರು ಹಾಕುದು ನೆನಪುಂಟಾ?" ಎಂದಳು.

ಉಂಟು ಎನ್ನಲು ಬಾಯಿ ತೆರೆದಿದ್ದೆ. "ನೆನಪಿಲ್ಲ" ಎಂದೆ. "ಹೇಗೆ ಹಾಕುದು? ಹೇಳಿಕೊಡು."