ಅಕ್ಕನ ಎರಡನೇ ಫಿಲ್ಮ್

ಚಿಕ್ಕಮಗಳೂರಿನ ಆಸ್ಪತ್ರೆಯೊಂದರಲ್ಲಿ ನಾನು ಎಕ್ಸ್-ರೇ ತೆಗೆಯುವವನು. ಜೊತೆಗೆ, ಸಂಬಳವಿಲ್ಲದೆ, ಎಲ್ಲರ ಪರವಾಗಿ ಹೆದರುವವನು. ಎರಡು ಸಾವಿರದ ಇಸವಿ ದಾಟಿದ ಮೇಲೆ ಸ್ತನದ ಎಕ್ಸ್-ರೇ ಯಂತ್ರ ಬಂತು, ನನ್ನ ಹೆದರಿಕೆಗೆ ಬಡ್ತಿ ಸಿಕ್ಕಿತು. ಗುಂಡಿ ಒತ್ತಿದಾಗಲೆಲ್ಲ ಕಿರಣ ಹೆಚ್ಚಾಯಿತೇನೋ ಎಂಬ ಅನುಮಾನ.

ಕಿರಣ ಎಷ್ಟೆಂದು ಅಳೆಯಲು ಮಂಗಳೂರಿನಿಂದ ಒಬ್ಬರು ಮೇಡಂ ಬಂದರು. ತಂದಿದ್ದ ಸಾಧನಗಳು ಎರಡು ಬಗೆ. ವೈರು ಕಟ್ಟಿಕೊಂಡ ಬಿಲ್ಲೆಯಂಥ ಚೇಂಬರ್ ತಕ್ಷಣ ಮೀಟರಿನಲ್ಲಿ ಅಂಕಿ ತೋರಿಸುತ್ತದೆ, ಆದರೆ ಮೈಮೇಲಿಟ್ಟರೆ ಫಿಲ್ಮಿನಲ್ಲಿ ದೊಡ್ಡ ನೆರಳು ಬೀಳುತ್ತದೆ. ಉಗುರಿಗಿಂತ ಚಿಕ್ಕ ಚೌಕದ ಚಿಪ್ಪುಗಳನ್ನು ಚರ್ಮಕ್ಕೇ ಅಂಟಿಸಬಹುದು. ಎಷ್ಟು ಕಿರಣ ಕುಡಿದಿವೆ ಎಂದು ತಿಳಿಯಲು ಮಾತ್ರ ಮಂಗಳೂರಿಗೆ ಒಯ್ದು ಬಿಸಿ ಮಾಡಿ ನೋಡಬೇಕು. ಎರಡನ್ನೂ ಮೈಗೆ ಬದಲಾಗಿ ಪ್ಲಾಸ್ಟಿಕ್ ದಿಮ್ಮಿಯ ಮೇಲಿಟ್ಟು ಹೋಲಿಸಿದ್ದಾಯಿತು. ಚಿಪ್ಪುಗಳನ್ನು ನಿಜವಾದ ಮೈಮೇಲೂ ಇಟ್ಟು ನೋಡುವುದು ಉಳಿದಿತ್ತು.

ಅದೇ ದಿನ ವಸ್ತಾರೆಯಿಂದ ಅಕ್ಕ ಬಂದಿದ್ದಳು. ಎದೆಯಲ್ಲಿ ಗಂಟು ಕೈಗೆ ಸಿಕ್ಕಿತ್ತು. ಫಿಲ್ಮ್ ತೆಗೆಸಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಚಿಪ್ಪು ಅಂಟಿಸಬಹುದೇ ಎಂದು ಮೇಡಂ ಕೇಳಿದ್ದಕ್ಕೆ ತಕ್ಷಣ ಒಪ್ಪಿದಳು.

“ಅಂಟ್ಸಿ ಮೇಡಂ. ಇವ್ನ ಹೆದ್ರಿಕೆ ಅಳ್ಯೋಕೂ ಏನಾದ್ರೂ ತಂದಿದೀರಾ?”

“ಅಷ್ಟು ದೊಡ್ಡ ಮೀಟರ್ ನಮ್ಮಲ್ಲಿಲ್ಲ” ಎಂದರು ಮೇಡಂ.

ಅಕ್ಕನನ್ನು ಅವರೇ ನಿಲ್ಲಿಸಿದರು. ನಾನು ಪರದೆಯ ಹಿಂದಿನಿಂದ ಗುಂಡಿ ಒತ್ತಿದೆ. ಫಿಲ್ಮ್ ತೊಳೆದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರೆ, ಗಂಟಿನ ಜಾಗದಲ್ಲಿ ರವೆ ಉದುರಿದಂತೆ ಬಿಳಿ ಚುಕ್ಕೆಗಳು. ಅಪರೂಪಕ್ಕೆ ನಾನು ಹೆದರಲಿಲ್ಲ.

“ನಿಮ್ಮ ಚಿಪ್ಪಿನ ನೆರಳು ಬಿದ್ದಿದೆ, ಅಲ್ವಾ ಮೇಡಂ?”

ಅವರು ಮೇಲಿನ ಅಂಚಿಗೆ ಬೆರಳಿಟ್ಟರು. ಅಲ್ಲಿ ಅಚ್ಚುಕಟ್ಟಾದ ಚೌಕಗಳಿದ್ದವು. “ನಮ್ಮದು ಇವು.”

“ಒಂದು ಪುಡಿಯಾಗಿರ್ಬಹುದು.”

ಅವರು ಚೌಕಗಳನ್ನು ಎಣಿಸಿ ತೋರಿಸಿದರು, ಎಲ್ಲವೂ ಇದ್ದವು.

“ಅವನ್ನ ತೆಗ್ದು ಇನ್ನೊಂದು ಫಿಲ್ಮ್ ತೆಗ್ಯೋಣ” ಎಂದೆ. ಒಂದು ಫಿಲ್ಮಿಗೇ ಹೆದರುತ್ತಿದ್ದವನು ಇನ್ನೊಂದು ಬೇಕೆಂದು ಹಟ ಹಿಡಿದಿದ್ದೆ. ಪಕ್ಕದಿಂದ ಹೇಗೂ ಒಂದು ಬೇಕು ಎಂದು ಮೇಡಂ ಒಪ್ಪಿದರು.

“ಮೊದ್ಲಿಂದು ಸರಿ ಬರ್ಲಿಲ್ವಾ?” ಅಕ್ಕ ಕೇಳಿದಳು.

“ಚಿಪ್ಪು ಅಡ್ಡ ಬಂತಕ್ಕ.”

“ಅದ್ಕೆ ಮುಖ ಯಾಕೆ ಹಂಗೆ ಮಾಡ್ಕಂಡಿದೀಯ ಮಾರಾಯ?”

ಎರಡನೇ ಫಿಲ್ಮಿನಲ್ಲಿ ಚೌಕಗಳಿರಲಿಲ್ಲ. ರವೆ ಹಾಗೇ ಇತ್ತು.

ಮಳೆ ಹಿಡಿದ ಮೇಲೆ ಮೇಡಂ ಫೋನ್ ಮಾಡಿದರು. ಚಿಪ್ಪುಗಳೂ ಚೇಂಬರೂ ಹೆಚ್ಚುಕಡಿಮೆ ಒಂದೇ ಅಳತೆ ಹೇಳುತ್ತಿವೆ, ಕಿರಣ ಮಿತಿಯಲ್ಲೇ ಇದೆ, ಇನ್ನು ಧೈರ್ಯವಾಗಿರಿ ಎಂದರು. ಅಷ್ಟರಲ್ಲಿ ಅಕ್ಕನಿಗೆ ಆಪರೇಷನ್ ಆಗಿ, ಔಷಧಿಗೆ ಕೂದಲು ಉದುರತೊಡಗಿತ್ತು. ಹೇಳಲು ಬೇರೆ ಒಳ್ಳೆಯ ಸುದ್ದಿ ಇಲ್ಲದೆ ಮೇಡಂ ಅಂದದ್ದನ್ನೇ ಹೋಗಿ ಅವಳಿಗೆ ಹೇಳಿದೆ.

“ಅಂತೂ ನಿನ್ನ ಮಿಷನ್ನಿಗೆ ಏನೂ ಆಗಿಲ್ಲ” ಎಂದು ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.