ಹಿಂದಿನ ಸೀಟಿನ ಕೆರೆಗಳು

ಧನುರ್ಮಾಸದಲ್ಲಿ ನಮ್ಮ ಮನೆಯ ಹುಗ್ಗಿ ನೈವೇದ್ಯ ಬೆಳಕು ಹರಿಯುವ ಮೊದಲೇ ಆಗಿಬಿಡಬೇಕು. ಮೈಲಾಪುರದಲ್ಲಿ ಅಕ್ಕಪಕ್ಕದವರು ಕಾಫಿಗೆ ಹಾಲು ಕಾಯಿಸುವ ಹೊತ್ತಿಗೆ ನಾವು ಊಟವನ್ನೇ ಮುಗಿಸಿ ಕೂತಿರುತ್ತೇವೆ. ಆಮೇಲೆ ಇಡೀ ದಿನ ಖಾಲಿ. ಆ ಖಾಲಿ ದಿನಗಳಲ್ಲೊಂದನ್ನು ನನ್ನ ಗಂಡ ಪ್ರತಿ ವರ್ಷ ಕೆರೆಗಳಿಗೆಂದು ಎತ್ತಿಡುತ್ತಿದ್ದರು. ಮಳೆ ಆಗತಾನೇ ಮುಗಿದು ಚೆನ್ನೈ ಸುತ್ತಲಿನ ಕೆರೆಗಳೆಲ್ಲ ತುಂಬಿರುವ ಕಾಲ. ಅವರ ಹಳೆಯ ಬುಲೆಟ್ಟು, ಹಿಂದೆ ನಾನು, ನನ್ನ ಮಡಿಲಲ್ಲಿ ಹುಗ್ಗಿ, ಗೊಜ್ಜಿನ ಡಬ್ಬಿ.

ನಾನು ನಂಜನಗೂಡಿನ ಕಡೆಯವಳು. ಅವರ ಮನೆತನದವರು ಮದರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ಗೊತ್ತಿಲ್ಲ. ಕನ್ನಡ ಮಾತಾಡಿದರೆ ಅರ್ಧ ತಮಿಳು. ಮದುವೆಯಾದ ಹೊಸತರಲ್ಲಿ "ಏರಿಗೆ ಹೋಗೋಣ್ವಾ?" ಎಂದಿದ್ದರು. ಬರೀ ಏರಿ, ಆ ಮಣ್ಣಿನ ಕಟ್ಟೆ ನೋಡುವುದಕ್ಕೆ ಅಷ್ಟು ದೂರ ಯಾಕೆ, ನೀರು ನೋಡೋಣ ಎಂದು ನಾನು ಜಗಳಕ್ಕೆ ನಿಂತಿದ್ದೆ. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ ಎಂದು ಅವರಮ್ಮ ನಕ್ಕು ಬಿಡಿಸಿ ಹೇಳಿದರು.

ಗಾಡಿಯ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಭುಜದ್ದೇ ಒಂದು ಭಾಷೆ ಬೆಳೆದಿತ್ತು. ಒಂದು ಸಲ ತಟ್ಟಿದರೆ ನಿಧಾನ. ಎರಡು ಸಲ ತಟ್ಟಿದರೆ ನಿಲ್ಲಿಸಿ. ತಟ್ಟದೆ ಒತ್ತಿದರೆ, ಆ ಕಡೆ ನೋಡಿ ಎಂದರ್ಥ. ಕೆರೆಯ ಪಕ್ಕ ಹೋಗುವಾಗ ನಾನು ಒತ್ತಿದ್ದೇ ಒತ್ತಿದ್ದು. ಬಲಗಡೆ ಹೆಜ್ಜಾರ್ಲೆ, ಎಡಗಡೆ ತಾವರೆ, ಅಲ್ಲಿ ನೀರಿನೊಳಗೆ ಕತ್ತಿನವರೆಗೆ ಮುಳುಗಿ ಕೂತ ಎಮ್ಮೆಗಳು. ಪ್ರತಿ ಸಲವೂ ಮುಂದಿನ ಹೆಲ್ಮೆಟ್ಟು ಹೂಂ ಎಂದು ಅಲ್ಲಾಡುತ್ತಿತ್ತು. ನಮ್ಮಿಬ್ಬರಿಗೂ ಒಂದೇ ಕೆರೆ ಕಾಣುತ್ತಿದೆ ಎಂದು ನನಗೆ ಬಹಳ ಸಂತೋಷ.

ಜನ ಇಲ್ಲದ ರಸ್ತೆ ಸಿಕ್ಕರೆ ಸಾಕು, ಅವರದೊಂದು ರಾಗ ಶುರುವಾಗುತ್ತಿತ್ತು. "ನೀನು ಸ್ವಲ್ಪ ಓಡಿಸು, ನಾನು ಹಿಂದೆ ಕೂತ್ಕೋತೀನಿ." ಸೀರೆ ಉಟ್ಟುಕೊಂಡು ಬುಲೆಟ್ಟಾ ಎಂದು ನಾನು. ಹಾಗಾದರೆ ಸ್ಕೂಟರ್ ತೆಗೆಸಿಕೊಡುತ್ತೇನೆ, ಕಲಿ ಎಂದು ಅವರು. ಒಮ್ಮೆ ನನಗೆ ರೇಗಿಹೋಯಿತು. "ನನ್ನನ್ನ ಹೊತ್ತು ತಿರುಗಿ ಸಾಕಾಗಿದ್ರೆ ನೇರವಾಗಿ ಹೇಳಿ, ಬಸ್ಸಲ್ಲಿ ಹೋಗ್ತೀನಿ" ಎಂದುಬಿಟ್ಟೆ. "ಶರಿ ವಿಡು, ಏರಿಕೋ" ಎಂದು ಗಾಡಿಗೆ ಒದ್ದರು. ಆಮೇಲೆ ಕೆಲವು ವರ್ಷ ಆ ಮಾತು ಬರಲಿಲ್ಲ.

ಎರಡು ವರ್ಷದ ಹಿಂದೆ ಅವರ ಕಣ್ಣು ಕೈಕೊಟ್ಟಿತು. ಕಣ್ಣಿನೊಳಗಿನ ಒತ್ತಡದ ಕಾಯಿಲೆ; ನೇರ ನೋಟ ಉಳಿಯುತ್ತದೆ, ಮೊದಲು ಹೋಗುವುದು ಪಕ್ಕದ ನೋಟ ಎಂದರು ಡಾಕ್ಟರು. ಹೋದದ್ದು ಮತ್ತೆ ಬರುವುದಿಲ್ಲ, ಔಷಧಿಯಿಂದ ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೇ. ಕತ್ತಲಲ್ಲಿ ಓಡಿಸಲೇಬೇಡಿ, ಈ ವರ್ಷದೊಳಗೆ ಗಾಡಿಯನ್ನೇ ಬಿಡಿ ಎಂದೂ ಹೇಳಿದರು. ಇವರು ಮನೆಗೆ ಬಂದು ಗಾಡಿಯ ಕವರು ತೆಗೆದು ಒರೆಸುತ್ತಾ ಕೂತರು. ಧನುರ್ಮಾಸ ಬರಲಿ, ಒಂದು ಸಲ ಕೆರೆಗಳನ್ನೆಲ್ಲ ನೋಡಿಬಿಡೋಣ, ಆಮೇಲೆ ಕೊಟ್ಟುಬಿಡುತ್ತೇನೆ ಎಂದರು. ನನಗೆ ಭಯವೇ. ಆದರೆ ಬೇಡ ಎನ್ನುವುದಕ್ಕೆ ಬಾಯಿ ಬರಲಿಲ್ಲ.

ಆ ದಿನ ಚೆಂಗಲ್ಪಟ್ಟಿನ ಕೆರೆಯ ಹತ್ತಿರ ಬರುವಷ್ಟರಲ್ಲಿ ಮಂಜು ಹರಿದು ಬಿಸಿಲು ಬಿದ್ದಿತ್ತು. ಕೆರೆಯಾಚೆ ಒಂದು ರೈಲು ಹೋಯಿತು. ಹೆದ್ದಾರಿ ಬಿಟ್ಟು ವೇಡಂತಾಂಗಲ್ ಕಡೆ ತಿರುಗಿದ ಮೇಲೆ ರಸ್ತೆಯ ಎರಡೂ ಬದಿ ಆಗಷ್ಟೇ ನಾಟಿ ಮಾಡಿದ ಗದ್ದೆ. ಅಲ್ಲಿನ ಹಕ್ಕಿಗಳ ಕೆರೆಯಲ್ಲಿ ನೀರಿನ ನಡುವೆ ನಿಂತ ಮರಗಳ ಮೇಲೆ ಎಲೆಗಿಂತ ಹಕ್ಕಿಯೇ ಜಾಸ್ತಿ, ಮೀನಿನ ವಾಸನೆ ಗಪ್ಪೆಂದು ಹೊಡೆಯುತ್ತಿತ್ತು. ಅದನ್ನು ದಾಟಿ ಉತ್ತಿರಮೇರೂರಿನ ದಾರಿ ಹಿಡಿದೆವು. ಹೆಸರು ಗೊತ್ತಿಲ್ಲದ ಒಂದು ಪುಟ್ಟ ಕೆರೆ ರಸ್ತೆಗೆ ಅಂಟಿಕೊಂಡೇ ಬಂತು. ಬಣ್ಣದ ಕೊಕ್ಕರೆಗಳು ನಾಲ್ಕಾರು ನೀರಿಂದೆದ್ದು ನಮ್ಮ ಪಕ್ಕದಲ್ಲೇ, ನಮ್ಮಷ್ಟೇ ವೇಗದಲ್ಲಿ ಹಾರತೊಡಗಿದವು. ನಾನು ಎಡಭುಜ ಒತ್ತಿದೆ. ಹೆಲ್ಮೆಟ್ಟು ಹೂಂ ಎಂದಿತು.

ಹುಣಸೆಮರದ ನೆರಳಲ್ಲಿ ಡಬ್ಬಿ ಬಿಚ್ಚಿದೆವು. "ಆ ಕೊಕ್ಕರೆಗಳು! ಬಾಲದ ಹತ್ತಿರ ಎಂಥ ಗುಲಾಬಿ ನೋಡಿದ್ರಾ?" ಎಂದೆ.

"ಯಾವ ಕೊಕ್ಕರೆ?"

ಎಡಗಡೆ ಪೂರ್ತಿ ಹೋಗಿಬಿಟ್ಟಿದೆಯಾ ಎಂದು ಕೇಳಿದೆ.

"ಅಯ್ಯೋ ಅದಕ್ಕಲ್ಲ ಕಣೇ. ಗಾಡಿ ಓಡಿಸೋವಾಗ ಪಕ್ಕ ನೋಡಕ್ಕಾಗತ್ತಾ? ಹಿಂದೆ ನೀನು ಇರ್ತೀಯ. ನಾನು ರೋಡೇ ನೋಡೋದು, ಎಪ್ಪವುಮೇ, ಯಾವಾಗ್ಲೂ."

"ಮತ್ತೆ ಇಷ್ಟು ವರ್ಷ ಹೂಂ ಅಂತ ತಲೆ ಆಡಿಸಿದ್ದು?"

"ನಿಂಗೆ ಅಷ್ಟು ಖುಷಿ. ಇಲ್ಲ ಅನ್ನಕ್ಕೆ ಮನಸ್ಸು ಬರಲಿಲ್ಲ."

ನಿಲ್ಲಿಸಿದಾಗಲೆಲ್ಲ ಇಳಿದು ನೋಡುತ್ತಿದ್ದಿರಲ್ಲ ಎಂದೆ, ನನ್ನ ಸಮಾಧಾನಕ್ಕೆ.

"ನಿಂತು ನೋಡೋದೇ ಬೇರೆ. ನೀರು ನಮ್ಮ ಜತೇಲೇ ಓಡಿ ಬರತ್ತಂತಲ್ಲ, ನೀನು ಹೇಳ್ತೀಯಲ್ಲ, ಅದನ್ನ ಒಂದು ಸಲ ನೋಡ್ಬೇಕೂಂತಿತ್ತು. ಅದಕ್ಕೇ ನಿನ್ನನ್ನ ಕಲ್ತ್ಕೋ ಅಂತಿದ್ದೆ." ಅಷ್ಟು ಹೇಳಿ, ಹುಗ್ಗಿಗೆ ಮೆಣಸು ಕಮ್ಮಿ ಎಂದರು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. ಆಗಲೇ ಬಾಯಿಬಿಟ್ಟು ಹೇಳಲು ಏನಾಗಿತ್ತು ಇವರಿಗೆ? ಹೇಳಿದ್ದರೆ ಸೀರೆಯ ಕಚ್ಚೆ ಕಟ್ಟಿಯಾದರೂ ಕಲಿಯುತ್ತಿದ್ದೆ. ಆದರೆ ಈ ಮನೆಯವರಿಗೆ ಊಟದಲ್ಲಿ ಏನು ಬೇಕು ಎಂದು ಕೇಳಿದರೂ ಇರೋದು ಸಾಕು ಎನ್ನುವ ಅಭ್ಯಾಸ. ಬೇಕು ಎನ್ನುವ ಮಾತನ್ನು ಯಾರೂ ಅವರಿಗೆ ಕಲಿಸಿಲ್ಲ. ವಾಪಸು ಬರುವಾಗ ಚೆಂಬರಂಬಾಕ್ಕಂ ಕೆರೆಯ ಮೇಲೆ ಸಂಜೆಯ ಬಿಸಿಲು ಹರಡಿತ್ತು. ನನ್ನ ಕೈ ಅವರ ಭುಜದ ಮೇಲೇ ಇತ್ತು, ಒತ್ತಲು ಧೈರ್ಯ ಬರಲಿಲ್ಲ.

ಗಾಡಿಯನ್ನು ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಕೊಟ್ಟೆವು. ನಾನು ಯಾರಿಗೂ ಹೇಳದೆ ಮಂದವೇಳಿಯಲ್ಲಿ ಸ್ಕೂಟರ್ ಕಲಿಸುವವರ ಬಳಿ ಸೇರಿಕೊಂಡೆ. ನನ್ನ ವಯಸ್ಸಿಗೆ ಅಲ್ಲಿನ ಹುಡುಗಿಯರು "ಆಂಟಿ ಸೂಪರ್" ಎಂದು ಚಪ್ಪಾಳೆ ತಟ್ಟಿದರು. ಎರಡು ಸಲ ಬಿದ್ದೆ, ಮನೆಯಲ್ಲಿ ಮೊಣಕಾಲಿನ ಗಾಯದ ತಪ್ಪನ್ನು ಮೆಟ್ಟಿಲಿನ ತಲೆಗೆ ಕಟ್ಟಿದೆ. ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಮತ್ತೊಂದು ಮಳೆಗಾಲ ಕಳೆದಿತ್ತು. ಅಷ್ಟರಲ್ಲಿ ಅವರು ಪಕ್ಕದಲ್ಲಿಟ್ಟ ಲೋಟವನ್ನೂ ತಡವಿಯೇ ಹುಡುಕುವಂತಾಗಿತ್ತು.

ಮೊನ್ನೆ ಧನುರ್ಮಾಸದ ಒಂದು ಬೆಳಿಗ್ಗೆ ಅವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ದೂರದ ಕೆರೆಗಳಿಗೆ ಹೋಗುವಷ್ಟು ಧೈರ್ಯ ಇನ್ನೂ ಇಲ್ಲ. ಪಳ್ಳಿಕರಣೈ ಜೌಗಿನ ನಡುವಿನ ರಸ್ತೆಯವರೆಗೆ ಹೋದೆವು. ಅಲ್ಲಿಯೂ ಎರಡೂ ಕಡೆ ನೀರು, ಹಕ್ಕಿ ಎಲ್ಲ ಇದೆ. ಸೀಟು ಅಲುಗಿತು. ಇಡೀ ಮೈ ತಿರುಗಿಸಿ ನೋಡುತ್ತಿದ್ದಾರೆ ಎಂದು ಗೊತ್ತಾಯಿತು. ಆಮೇಲೆ ನನ್ನ ಎಡಭುಜವನ್ನು ಒಂದು ಕೈ ಒತ್ತಿತು.

ಎದುರಿಗೆ ಬಸ್ಸು, ಬಲಕ್ಕೆ ನೀರಿನ ಲಾರಿ, ಹಿಂದಿನಿಂದ ಯಾರದೋ ಹಾರನ್ನು. ನಾನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಹೂಂ ಎಂದು ತಲೆಯಾಡಿಸಿದೆ.

ಮನೆಗೆ ಬಂದು ಹೆಲ್ಮೆಟ್ಟು ತೆಗೆಯುತ್ತಾ ಏನು ತೋರಿಸಿದಿರಿ ಎಂದು ಕೇಳಿದೆ.

"ಏನೋ ಬಿಳೀದು ಇತ್ತು. ನೀನು ನೋಡಿ, ಏನೂಂತ ಹೇಳ್ತೀಯ ಅಂದ್ಕೊಂಡೆ" ಎಂದರು.