ದೀಪದಜ್ಜಿಯನ್ನು ಕರೆತಂದವನು

ಭಾನುವಾರ, ಸಂಜೆ ಐದು ಗಂಟೆ. ದೊಡ್ಡಬಳ್ಳಾಪುರದಲ್ಲಿ ಆಗ ನಮ್ಮ ಪಕ್ಕದ ಮನೆಯಲ್ಲಿದ್ದ ಮಗ್ಗದವನು, ಕಾಲೇಜಿಗೆ ಹೋಗುವ ಅವನ ಮಗಳು ಮತ್ತು ನಾನು ಟಿವಿ ಮುಂದೆ ಹಾಜರಿದ್ದೆವು.

ಅವನು ನನ್ನ ಹಳೆಯ ವಿದ್ಯಾರ್ಥಿ. ಮಗ್ಗಕ್ಕೆ ರಜೆಯಿದ್ದ ದಿನ, ದೆವ್ವಗಳು ತುಂಬಿದ ಹಾಳು ರಾಜ್ಯವೊಂದರ ವಿಡಿಯೋ ಗೇಮ್ ಆಡುತ್ತಿದ್ದ. ನಾಯಕನ ಮೇಲೆ ಅವನಿಗೆ ಅಷ್ಟೇನೂ ಪ್ರೀತಿಯಿರಲಿಲ್ಲ. ಕತ್ತಿ ಮಸೆಯುವ ಕಮ್ಮಾರ, ಗಂಜಿ ಹಂಚುವ ಅಡುಗೆಯವನು, ದೀಪ ಹಿಡಿದು ದಾರಿ ತೋರುವ ಅಜ್ಜಿ ಬಂದರೆ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. "ಇವ್ರೇ ಮೇಷ್ಟ್ರೇ ನಮ್ಮೋರು" ಎನ್ನುತ್ತಿದ್ದ.

ಅಂದು ಸಿಂಹಾಸನದ ಬಾಗಿಲು ತೆರೆಯಿತು. ಒಳಗೆ ಹೋದರೆ ಕಿರೀಟ ಸಿಗುತ್ತದೆ, ಆದರೆ ಕಾಡಿನಲ್ಲಿ ಸಿಕ್ಕಿಕೊಂಡ ಅಜ್ಜಿ ಸಾಯುತ್ತಾಳೆ. ಅಜ್ಜಿಗಾಗಿ ಹಿಂದಿರುಗಿದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

"ಅಪ್ಪಾ, ಇಷ್ಟು ತಿಂಗ್ಳು ಒದ್ದಾಡಿದ್ದು ಆ ಕಿರೀಟಕ್ಕೇ ತಾನೆ? ಅವ್ಳು ಬರೀ ಸೈಡ್ ಕ್ಯಾರೆಕ್ಟರ್" ಎಂದಳು ಮಗಳು.

"ಅವ್ಳಿಲ್ದಿದ್ರೆ ಈ ಬಾಗ್ಲು ಎಲ್ಲಿ ಕಾಣ್ತಿತ್ತು? ಇವ್ರೇ ಕಣವ್ವ ನಮ್ಮೋರು" ಎಂದು ಅವನು ಕಾಡಿನ ಕಡೆ ತಿರುಗಿದ.

"ಮೇಷ್ಟ್ರೇ, ನೀವಾದ್ರೂ ಹೇಳಿ" ಎಂದಳು ಮಗಳು.

"ಸರಿಯಾಗೇ ಹೋಗ್ತಿದ್ದಾನಮ್ಮ" ಎಂದೆ. ನನ್ನ ತರಗತಿಯಲ್ಲಿ ಕೂತಿದ್ದವನು ಇವನು ಎಂದು ಎದೆಯುಬ್ಬಿತು.

ಕತ್ತಲಾಗುವ ಹೊತ್ತಿಗೆ ಅಜ್ಜಿಯನ್ನು ಕರೆತಂದು ಬೆಂಕಿಯ ಪಕ್ಕ ಕೂರಿಸಿದ. ಆಟವನ್ನು ಸೇವ್ ಮಾಡಿ ಟಿವಿ ಆರಿಸಿದ.